ಮೊದಲ ದಿನ ಸೇರಬೇಕೇ, ಬೇಡವೇ?

ಧಾರವಾಡದಿಂದ ಬೆಳಗಾವಿಯ ಕಡೆಗೆ ಹೆದ್ದಾರಿ ಹಿಡಿದರೆ ಮುಮ್ಮಿಗಟ್ಟಿ, ಗರಗದ ಆಸುಪಾಸಿನಲ್ಲಿ ಬೇಲೂರು ಕೈಗಾರಿಕಾ ಪ್ರದೇಶ ಸಿಗುತ್ತದೆ. ಚೆನ್ನಕೇಶವನ ಬೇಲೂರಲ್ಲ ಇದು, ಧಾರವಾಡ ಸೀಮೆಯ ಬೇಲೂರು. ಟಾಟಾ ಮಾರ್ಕೊಪೋಲೊ ಬಸ್ಸುಗಳು, ಟಾಟಾ ಹಿಟಾಚಿಯ ನೆಲ ಅಗೆಯುವ ಯಂತ್ರಗಳು ತಯಾರಾಗಿ ಹೊರಬಿದ್ದ ಜಾಗ. ಇಂಥ ಕಡೆ ದೊಡ್ಡ ಕಾರ್ಖಾನೆಯಾಗಲಿ, ನಾಲ್ಕು ಲೇತ್ ಇಟ್ಟುಕೊಂಡ ಸಣ್ಣ ಘಟಕವಾಗಲಿ, ಲೋಹದ ಸಾಮಾನಿನ ಜೊತೆಜೊತೆಗೇ ತಾರೀಖುಗಳನ್ನೂ ರಾಶಿಗಟ್ಟಲೆ ಹುಟ್ಟಿಸುತ್ತಿರುತ್ತದೆ. ಕೆಲಸಕ್ಕೆ ಸೇರಿದ ತಾರೀಖು, ಬಿಟ್ಟ ತಾರೀಖು, ಆರ್ಡರ್ ಬಂದ ದಿನ, ಚಲನ್ ಹರಿದ ದಿನ, ಮಾಲು ಒಪ್ಪಿಕೊಂಡ ದಿನ, ಹಣ ಕೈಸೇರಿದ ದಿನ, ಮಷೀನು ನಿಂತ ಗಳಿಗೆ, ಮತ್ತೆ ಓಡಿದ ಗಳಿಗೆ. ಒಂದೊಂದೇ ತಾರೀಖಿನಿಂದ ಯಾರಿಗೂ ಹೆಚ್ಚು ಪ್ರಯೋಜನವಿಲ್ಲ. ಎರಡರ ನಡುವೆ ಎಷ್ಟು ಕಾಲ ಕಳೆಯಿತು ಎಂಬುದರ ಮೇಲೆ ಸಂಬಳ, ಗ್ರಾಚ್ಯುಟಿ, ಬಡ್ಡಿ, ದಂಡ, ದುರಸ್ತಿಯ ಖರ್ಚು ಎಲ್ಲವೂ ನಿಂತಿವೆ. ಈ ಲೆಕ್ಕವನ್ನು ಈಗ ಕಂಪ್ಯೂಟರಿಗೆ ಒಪ್ಪಿಸಿದ್ದೇವೆ. ಒಪ್ಪಿಸಿದ ಮಾತ್ರಕ್ಕೆ ಲೆಕ್ಕ ಸರಿಯಾಯಿತು ಎಂದು ನಂಬಿದ್ದೇವೆ, ತೊಂದರೆ ಇರುವುದು ಈ ನಂಬಿಕೆಯಲ್ಲಿ. ಎರಡು ತಾರೀಖುಗಳ ನಡುವಿನ ಕಾಲ ಕ್ಯಾಲೆಂಡರಿನಲ್ಲಿ ಸಿದ್ಧವಾಗಿ ಕೂತಿರುವುದಿಲ್ಲ. ಯಾವ ದಿನವನ್ನು ಸೇರಿಸಬೇಕು, ಯಾವ ಮಾನದಲ್ಲಿ ಅಳೆಯಬೇಕು, ತಿಂಗಳೆಂದರೆ ಎಷ್ಟು ಎಂಬ ನಿಯಮವನ್ನು ಮನುಷ್ಯರು ಮೊದಲು ಗೊತ್ತುಮಾಡಬೇಕು. ಆಮೇಲಷ್ಟೇ ಯಂತ್ರ ಕಳೆಯಬಹುದು.

ಸಂಖ್ಯಾಶಾಸ್ತ್ರದ ಕೆಲಸಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ‘ಆರ್’ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಎಂಬ ಇಬ್ಬರು 1990ರ ದಶಕದ ಆರಂಭದಲ್ಲಿ ಕಟ್ಟತೊಡಗಿದ ಭಾಷೆ ಇದು. ಕಾಸು ಕೊಡಬೇಕಿಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಇದರ ಪೂರ್ಣಪ್ರಮಾಣದ ಮೊದಲ ಆವೃತ್ತಿ ಬಿಡುಗಡೆಯಾದದ್ದು 2000ದ ಫೆಬ್ರುವರಿ 29ರಂದು. ನೂರರಿಂದ ಭಾಗವಾಗುವ ವರ್ಷಗಳಿಗೆ ಸಾಮಾನ್ಯವಾಗಿ ಆ ದಿನವಿಲ್ಲ, ನಾನೂರರಿಂದಲೂ ಭಾಗವಾದರೆ ಉಂಟು. ಹಾಗಾಗಿ 1900ಕ್ಕೆ ಇರದ ಫೆಬ್ರುವರಿ 29, 2000ಕ್ಕೆ ಇತ್ತು. ಆರ್ ತಾರೀಖನ್ನು ನೆನಪಿಟ್ಟುಕೊಳ್ಳುವ ಬಗೆ ಸರಳ. 1970ರ ಜನವರಿ 1ನ್ನು ಸೊನ್ನೆ ಎಂದಿಟ್ಟುಕೊಂಡು ಅಲ್ಲಿಂದ ಎಷ್ಟನೆಯ ದಿನ ಎಂದು ಎಣಿಸುತ್ತದೆ. ಒಂದು ತಾರೀಖಿನಿಂದ ಇನ್ನೊಂದನ್ನು ಕಳೆಯಿರಿ ಎಂದರೆ ಈ ಎರಡು ಅಂಕಿಗಳನ್ನು ಕಳೆದುಬಿಡುತ್ತದೆ. ಅಧಿಕ ವರ್ಷ ಅದಕ್ಕೆ ಗೊತ್ತು, ಮೂವತ್ತು ದಿನದ ತಿಂಗಳು ಯಾವುದು, ಮೂವತ್ತೊಂದರದು ಯಾವುದು ಎಂಬುದೂ ಗೊತ್ತು. ಕಳೆಯುವುದರಲ್ಲಿ ಅದು ತಪ್ಪುವುದಿಲ್ಲ.

ಆದರೆ ಮಾರ್ಚ್ 31ರಿಂದ ಮಾರ್ಚ್ 1ನ್ನು ಕಳೆದರೆ ಆರ್ ಕೊಡುವ ಉತ್ತರ 30. ಆ ತಿಂಗಳು ಒಂದು ದಿನವೂ ತಪ್ಪಿಸದೆ ಹಾಜರಿದ್ದವನ ಹಾಜರಿ 31. ಎರಡೂ ಸರಿಯೇ. ಮೊದಲನೆಯದು ಎರಡು ದಿನಗಳ ಅಂತರ, ಎರಡನೆಯದು ಎರಡೂ ತುದಿಗಳನ್ನು ಸೇರಿಸಿಕೊಂಡ ಎಣಿಕೆ. ನಮ್ಮ ಮನೆಗಳಲ್ಲಿ ಈ ಎರಡನೆಯ ಎಣಿಕೆಯೇ ರೂಢಿ. ಮಗು ಹುಟ್ಟಿದ ದಿನವನ್ನೇ ಒಂದನೆಯದಾಗಿ ಹಿಡಿದು ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕುತ್ತಾರೆ. ಕಾನೂನಿನ ರೂಢಿ ಬೇರೆ. 1897ರ ಸಾಮಾನ್ಯ ಖಂಡಗಳ ಕಾಯ್ದೆಯ 9ನೇ ಕಲಂ ಪ್ರಕಾರ ಇಂಥ ದಿನ‘ದಿಂದ’ ಎಂದರೆ ಆ ದಿನವನ್ನು ಬಿಟ್ಟು ಎಣಿಸಬೇಕು. 1963ರ ಕಾಲಮಿತಿ ಕಾಯ್ದೆಯ 12ನೇ ಕಲಂ ಕೂಡ ಅವಧಿ ಶುರುವಾಗುವ ದಿನವನ್ನು ಕೈಬಿಡುತ್ತದೆ. ವಯಸ್ಸಿನ ವಿಷಯಕ್ಕೆ ಬಂದರೆ ಮತ್ತೆ ಹುಟ್ಟಿದ ದಿನ ಸೇರಿಕೊಳ್ಳುತ್ತದೆ. ಸರ್ಕಾರಿ ನೌಕರರಲ್ಲಿ ತಿಂಗಳ ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗುವುದು ಈ ಕಾರಣಕ್ಕೆ. ಹೀಗೆ ಒಂದೇ ದೇಶದಲ್ಲಿ, ಒಂದೇ ಊರಿನಲ್ಲಿ, ಒಂದೇ ಕಚೇರಿಯಲ್ಲಿ ಮೊದಲ ದಿನ ಒಂದು ಕಡತದಲ್ಲಿ ಒಳಗೆ, ಇನ್ನೊಂದರಲ್ಲಿ ಹೊರಗೆ. ಕಳೆಯುವ ಚಿಹ್ನೆ ಇದನ್ನು ಹೇಗೆ ತಿಳಿಯಬೇಕು?

ಒಂದು ದಿನ ಹೆಚ್ಚುಕಡಿಮೆಯಾದರೆ ಏನಾಯಿತು ಎನ್ನುವವರಿದ್ದಾರೆ. ಅವರಿಗೆ ಕರ್ನಾಟಕದ್ದೇ ಒಂದು ಪ್ರಕರಣವನ್ನು ತೋರಿಸಬಹುದು. ವರ್ಷವಿಡೀ ದುಡಿದು ವಾರ್ಷಿಕ ವೇತನ ಬಡ್ತಿಗೆ ಅರ್ಹರಾದವರು, ಬಡ್ತಿ ಕೈಗೆ ಬರುವ ದಿನಕ್ಕೆ ಒಂದು ದಿನ ಮುಂಚೆ ನಿವೃತ್ತರಾದರೆ ಅದು ಅವರಿಗೆ ಸಲ್ಲಬೇಕೇ ಎಂಬ ಪ್ರಶ್ನೆ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮದ ನೌಕರರ ಮೊಕದ್ದಮೆಯಾಗಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2023ರ ಏಪ್ರಿಲ್ 11ರಂದು ನ್ಯಾಯಾಲಯ ನೌಕರರ ಪರವಾಗಿ ತೀರ್ಪು ಕೊಟ್ಟಿತು. ಒಂದೇ ದಿನದ ಪ್ರಶ್ನೆ, ಆದರೆ ಪಿಂಚಣಿ ಲೆಕ್ಕ ಹಾಕುವುದು ಕೊನೆಯ ವೇತನದ ಮೇಲಾದ್ದರಿಂದ ಅದು ಜೀವಮಾನದ ಪ್ರಶ್ನೆಯೂ ಹೌದು.

ಕಾರ್ಖಾನೆಗಳಿಗೆ ಹೆಚ್ಚು ಹತ್ತಿರದ್ದು ಗ್ರಾಚ್ಯುಟಿ. 1972ರ ಕಾಯ್ದೆ ಹಾಕಿಕೊಟ್ಟ ಸೂತ್ರವನ್ನೇ ಹೊಸ ಸಾಮಾಜಿಕ ಭದ್ರತಾ ಸಂಹಿತೆಯೂ ಉಳಿಸಿಕೊಂಡಿದೆ. ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ವೇತನ, ಉಳಿದ ತುಣುಕು ಆರು ತಿಂಗಳು ಮೀರಿದ್ದರೆ ಅದೂ ಒಂದು ವರ್ಷ. ತಿಂಗಳ ಸಂಬಳದವರಿಗೆ ಒಂದು ದಿನದ ವೇತನ ಎಂದರೆ ಸಂಬಳದ 26ನೇ ಒಂದು ಭಾಗ. ಈಗ ಒಬ್ಬ ಕೆಲಸಗಾರ 2017ರ ಫೆಬ್ರುವರಿ 1ರಂದು ಸೇರಿ 2024ರ ಆಗಸ್ಟ್ 1ರವರೆಗೆ ಎಡೆಬಿಡದೆ ದುಡಿದ ಎಂದಿಟ್ಟುಕೊಳ್ಳಿ. ಜನವರಿ 31ಕ್ಕೆ ಏಳು ವರ್ಷ ತುಂಬಿತು, ಜುಲೈ 31ಕ್ಕೆ ಮೇಲಿನ ಆರು ತಿಂಗಳು ತುಂಬಿತು, ಆಗಸ್ಟ್ 1ರ ದುಡಿಮೆಯಿಂದ ಆರು ತಿಂಗಳು ಮೀರಿತು. ಕ್ಯಾಲೆಂಡರಿನ ತಿಂಗಳ ಪ್ರಕಾರ ಎಂಟು ವರ್ಷದ ಗ್ರಾಚ್ಯುಟಿ ಅವನದು. ಆರ್‌ನಲ್ಲಿ ಈ ಎರಡು ತಾರೀಖುಗಳನ್ನು ಕಳೆದರೆ 2738 ದಿನ ಬರುತ್ತದೆ. ವರ್ಷವಾಗಿಸಲು ಅನೇಕರು ಮಾಡುವಂತೆ ಅದನ್ನು 365.25ರಿಂದ ಭಾಗಿಸಿದರೆ ಸುಮಾರು 7.496, ಅಂದರೆ ಅರ್ಧಕ್ಕಿಂತ ಒಂದು ಕೂದಲೆಳೆ ಕಡಿಮೆ, ಆದ್ದರಿಂದ ಏಳು ವರ್ಷ. ಇನ್ನು ಕೆಲವರು ಮಾಡುವಂತೆ 365ರಿಂದ ಭಾಗಿಸಿದರೆ ಸುಮಾರು 7.501, ಆದ್ದರಿಂದ ಎಂಟು. ಫೆಬ್ರುವರಿಯಿಂದ ಜುಲೈವರೆಗಿನ ಆರು ತಿಂಗಳು ಗಿಡ್ಡ, ಆಗಸ್ಟಿನಿಂದ ಜನವರಿವರೆಗಿನ ಆರು ತಿಂಗಳು ಉದ್ದ, ಭಾಗಾಕಾರಕ್ಕೆ ಈ ವ್ಯತ್ಯಾಸ ಕಾಣುವುದಿಲ್ಲ. 26 ಸಾವಿರ ರೂಪಾಯಿ ಸಂಬಳದವನಿಗೆ ಈ ಭಾಜಕದ ಆಯ್ಕೆಯಿಂದ ಆಗುವ ನಷ್ಟ 15 ಸಾವಿರ ರೂಪಾಯಿ. ಎಂಟು ಎಂದು ಸರಿಯುತ್ತರ ಕೊಟ್ಟ 365 ಕೂಡ ಆಕಸ್ಮಿಕವಾಗಿ ಸರಿಯಾಯಿತೇ ಹೊರತು ನಿಯಮ ತಿಳಿದು ಅಲ್ಲ.

ಆರ್ ಕಟ್ಟಿದವರು ಈ ಅಪಾಯವನ್ನು ಕಂಡಿದ್ದರು ಎಂದೇ ನನ್ನ ಭಾವನೆ. ಅದರಲ್ಲಿ ಕಾಲಾಂತರವನ್ನು ಅಳೆಯುವ ‘ಡಿಫ್‌ಟೈಮ್’ ಎಂಬ ಸಾಧನ ಸೆಕೆಂಡು, ನಿಮಿಷ, ಗಂಟೆ, ದಿನ, ವಾರ ಇವಿಷ್ಟನ್ನೇ ಮಾನಗಳಾಗಿ ಒಪ್ಪುತ್ತದೆ. ತಿಂಗಳಲ್ಲಿ ಹೇಳು, ವರ್ಷದಲ್ಲಿ ಹೇಳು ಎಂದರೆ ಹೇಳುವುದಿಲ್ಲ. ಹೊಸಬರು ಇದನ್ನು ಕೊರತೆ ಎಂದುಕೊಳ್ಳುತ್ತಾರೆ. ವಾರಕ್ಕೆ ಏಳು ದಿನ ಎಂಬುದು ಎಂದೂ ಬದಲಾಗದು, ತಿಂಗಳು ಮಾತ್ರ 28ರಿಂದ 31ರವರೆಗೆ ಹಿಗ್ಗಿ ಕುಗ್ಗುತ್ತದೆ. ಅಳತೆಗೋಲೇ ಹಿಗ್ಗುವಾಗ ಅಳೆಯಲಾರೆ ಎನ್ನುವುದು ಪ್ರಾಮಾಣಿಕತೆ. ಬಳಕೆದಾರರಿಗೆ ತಿಂಗಳು, ವರ್ಷ ಬೇಕೇ ಬೇಕಾದ್ದರಿಂದ ಗ್ಯಾರೆಟ್ ಗ್ರೋಲ್‌ಮಂಡ್ ಮತ್ತು ಹ್ಯಾಡ್ಲಿ ವಿಕಮ್ ‘ಲುಬ್ರಿಡೇಟ್’ ಎಂಬ ಪೂರಕ ಪೊಟ್ಟಣವನ್ನು ಬರೆದು 2011ರಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದರು. ಅದು ಕಾಲವನ್ನು ಎರಡು ಬಗೆಯಾಗಿ ಒಡೆದಿಡುತ್ತದೆ. ಗಡಿಯಾರದ ಸೆಕೆಂಡುಗಳಲ್ಲಿ ಅಳೆದ ಅವಧಿ ಒಂದು, ‘ಒಂದು ತಿಂಗಳು’ ‘ಎರಡು ವರ್ಷ’ ಎಂದು ಕ್ಯಾಲೆಂಡರಿನ ಮೇಲೆ ಹೆಜ್ಜೆ ಹಾಕುವ ಅವಧಿ ಇನ್ನೊಂದು. ಗ್ರಾಚ್ಯುಟಿಗೆ ಬೇಕಾದದ್ದು ಎರಡನೆಯದು, ಮಷೀನು ಎಷ್ಟು ಹೊತ್ತು ನಿಂತಿತು ಎಂಬುದಕ್ಕೆ ಬೇಕಾದದ್ದು ಮೊದಲನೆಯದು.

ಹಾಗೆಂದು ಪೂರಕ ಪೊಟ್ಟಣ ಹಾಕಿಕೊಂಡರೆ ಎಲ್ಲ ಮುಗಿಯಿತೇ? ಜನವರಿ 31ಕ್ಕೆ ಒಂದು ತಿಂಗಳು ಸೇರಿಸಿ ನೋಡಿ. 2024ರಲ್ಲಿ ಆರ್‌ನ ಮೂಲ ಸಾಧನದಿಂದ ತಿಂಗಳಿಗೊಂದು ತಾರೀಖು ಬರೆಸಿದರೆ ಮುಂದಿನದು ಮಾರ್ಚ್ 2 ಎಂದು ಬರುತ್ತದೆ, ಫೆಬ್ರುವರಿಯನ್ನು ದಾಟಿಯೇ ಹೋಗಿರುತ್ತದೆ. ಲುಬ್ರಿಡೇಟ್‌ನ ಸಾದಾ ಕೂಡುವಿಕೆ ಫೆಬ್ರುವರಿ 31 ಎಂಬ ದಿನವೇ ಇಲ್ಲವೆಂದು ಉತ್ತರವನ್ನು ಖಾಲಿ ಬಿಡುತ್ತದೆ. ಅದರದೇ ಇನ್ನೊಂದು ಕೂಡುವ ಚಿಹ್ನೆ ತಿಂಗಳ ಕೊನೆಗೆ ಹಿಂದೆ ಸರಿದು ಫೆಬ್ರುವರಿ 29 ಎನ್ನುತ್ತದೆ. ಒಂದೇ ಭಾಷೆಯೊಳಗೆ ಒಂದೇ ಪ್ರಶ್ನೆಗೆ ಮೂರು ಉತ್ತರ, ಮೂರಕ್ಕೂ ಅದರದರದೇ ತರ್ಕವಿದೆ. ಇದು ಪಂಡಿತರ ಚರ್ಚೆಯಷ್ಟೇ ಅಲ್ಲ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಖರೀದಿದಾರ ತಡವಾಗಿ ಹಣ ಕೊಟ್ಟರೆ 2006ರ ಕಾಯ್ದೆಯ ಪ್ರಕಾರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಸೇರಿಸಬೇಕು, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರಿಸುವ ಚಕ್ರಬಡ್ಡಿ. ಆ ‘ತಿಂಗಳಿಗೊಮ್ಮೆ’ ಯಾವ ದಿನ ಬೀಳುತ್ತದೆ ಎಂಬುದನ್ನು ಪ್ರೋಗ್ರಾಮ್ ಬರೆದವನು ತಾನಾಗಿ ತೀರ್ಮಾನಿಸಬಾರದು. ಅದೇ ಕಾಯ್ದೆ ಹಣ ಕೊಡಲು ಹಾಕಿರುವ ಗರಿಷ್ಠ ಗಡುವು ಮಾತ್ರ 45 ದಿನ, ತಿಂಗಳ ಲೆಕ್ಕವಿಲ್ಲ. ಜನವರಿ 30ರಂದು ಮಾಲು ಒಪ್ಪಿಕೊಂಡರೆ 2023ರಲ್ಲಿ ಗಡುವು ಮಾರ್ಚ್ 16, 2024ರಲ್ಲಿ ಮಾರ್ಚ್ 15. ಕೆಲಸದ ಮಾತಿನಲ್ಲಿ ‘ಒಂದೂವರೆ ತಿಂಗಳು’ ಎಂದು ಹೇಳಿಕೊಂಡು ಹೋಗುವವರು ಇದನ್ನು ಗಮನಿಸಬೇಕು. ಎಣಿಕೆ ಶುರುವಾಗುವುದು ಬಿಲ್ಲಿನ ತಾರೀಖಿನಿಂದಲೂ ಅಲ್ಲ, ಮಾಲು ಒಪ್ಪಿಕೊಂಡ ದಿನದಿಂದ. ಮಾಲು ಮುಟ್ಟಿದ 15 ದಿನದೊಳಗೆ ಖರೀದಿದಾರ ಬರವಣಿಗೆಯಲ್ಲಿ ತಕರಾರು ತೆಗೆಯದಿದ್ದರೆ ಮುಟ್ಟಿದ ದಿನವೇ ಒಪ್ಪಿಕೊಂಡ ದಿನವಾಗುತ್ತದೆ. 2023ರ ಹಣಕಾಸು ಕಾಯ್ದೆ ಈ ಗಡುವನ್ನು ಖರೀದಿದಾರನ ಆದಾಯ ತೆರಿಗೆಯ ಲೆಕ್ಕಕ್ಕೂ ಗಂಟುಹಾಕಿದ ಮೇಲೆ ತಪ್ಪು ಎಣಿಕೆಯ ಬೆಲೆ ಇಬ್ಬರಿಗೂ ಏರಿದೆ.

ಇಷ್ಟು ಹೊತ್ತು ತಾರೀಖು ಸರಿಯಾಗಿ ಓದಲ್ಪಟ್ಟಿದೆ ಎಂದು ಭಾವಿಸಿ ಮಾತಾಡಿದೆವು. ಅಲ್ಲೇ ಎಡವಿದರೆ ಮುಂದಿನದೆಲ್ಲ ವ್ಯರ್ಥ. ನಮ್ಮಲ್ಲಿ ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ಬರೆಯುತ್ತೇವೆ. ಆರ್ ತನ್ನಷ್ಟಕ್ಕೆ ನಿರೀಕ್ಷಿಸುವುದು ವರ್ಷ, ತಿಂಗಳು, ದಿನ ಎಂಬ ಕ್ರಮವನ್ನು. ಕ್ರಮ ಇಂಥದ್ದು ಎಂದು ತಿಳಿಸದೆ 01/02/2024 ಎಂದು ಕೊಟ್ಟರೆ ಅದು ಮೊದಲ ಅಂಕಿಯನ್ನು ವರ್ಷವೆಂದೇ ಹಿಡಿದು, ಕ್ರಿ.ಶ. 1ನೇ ಇಸವಿಯ ಫೆಬ್ರುವರಿ 20 ಎಂದು ಓದಿಬಿಡುತ್ತದೆ. 2024ರ ಮೊದಲ ಎರಡು ಅಂಕಿ ದಿನವಾಗುತ್ತದೆ, ಉಳಿದೆರಡನ್ನು ಅದು ಗಮನಿಸುವುದೇ ಇಲ್ಲ. ತಪ್ಪಾಯಿತು ಎಂಬ ಎಚ್ಚರಿಕೆಯೂ ಬರುವುದಿಲ್ಲ. 01/02/2023ನ್ನು ಕೊಟ್ಟರೂ ಅದೇ ಫೆಬ್ರುವರಿ 20, ಹಾಗಾಗಿ ಇಡೀ ಒಂದು ವರ್ಷದ ಅಂತರ ಸೊನ್ನೆ ದಿನವಾಗುತ್ತದೆ. ಅದೇ 15/08/2023 ಮತ್ತು 25/08/2023ರ ನಡುವಿನ ಹತ್ತು ದಿನ 3653 ದಿನವಾಗುತ್ತದೆ. ದೊಡ್ಡ ತಪ್ಪು ಕಣ್ಣಿಗೆ ಹೊಡೆಯುತ್ತದೆ, ಸೊನ್ನೆ ಮಾತ್ರ ಸದ್ದಿಲ್ಲದೆ ಸರಾಸರಿಯೊಳಗೆ ಸೇರಿಹೋಗುತ್ತದೆ. ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆಯುವ ಅಭ್ಯಾಸ ಇನ್ನೊಂದು ಕಂಟಕ. 69ರಿಂದ 99ರವರೆಗಿನದನ್ನು ಆರ್ ಹಿಂದಿನ ಶತಮಾನಕ್ಕೂ 00ಯಿಂದ 68ರವರೆಗಿನದನ್ನು ಈ ಶತಮಾನಕ್ಕೂ ಹಾಕುತ್ತದೆ. 1965ರಲ್ಲಿ ಹುಟ್ಟಿದ ಹಿರಿಯ ಕೆಲಸಗಾರನ ಕಡತದಲ್ಲಿ ಬರೀ 65 ಎಂದಿದ್ದರೆ ಅವನು 2065ರಲ್ಲಿ ಹುಟ್ಟಬೇಕಾದವನಾಗುತ್ತಾನೆ.

ಗಂಟೆ ಸೇರಿಕೊಂಡಾಗ ಇನ್ನೂ ಎರಡು ತೊಡಕುಗಳಿವೆ. ರಾತ್ರಿ ಪಾಳಿ ಇರುವ ಕಾರ್ಖಾನೆಗಳು ಇವನ್ನು ತಿಳಿದಿರಬೇಕು. ಭಾರತದ ಸಮಯ ವಿಶ್ವ ಪ್ರಮಾಣ ಸಮಯಕ್ಕಿಂತ ಐದೂವರೆ ಗಂಟೆ ಮುಂದಿದೆ. ಆರ್‌ನ ಹಳೆಯ ಆವೃತ್ತಿಗಳಲ್ಲಿ ಗಂಟೆ ಸಮೇತದ ದಾಖಲೆಯಿಂದ ಬರೀ ತಾರೀಖನ್ನು ಬೇರ್ಪಡಿಸಿದರೆ, ಬೇರೆ ಹೇಳದ ಹೊರತು ವಿಶ್ವ ಸಮಯದ ತಾರೀಖೇ ಬರುತ್ತಿತ್ತು. ಹಾಗಾದಾಗ ನಡುರಾತ್ರಿಯಿಂದ ಬೆಳಗಿನ ಐದೂವರೆವರೆಗೆ ನಡೆದದ್ದೆಲ್ಲ ಹಿಂದಿನ ದಿನದ ಖಾತೆಗೆ ಬೀಳುತ್ತದೆ. ಎರಡನೆಯದು ಮಾನದ ತೊಡಕು. ಮಷೀನು ನಿಂತ ಗಳಿಗೆಯನ್ನು ಓಡಿದ ಗಳಿಗೆಯಿಂದ ಕಳೆದಾಗ ಮಾನ ಯಾವುದೆಂದು ನೀವು ಹೇಳದಿದ್ದರೆ ಆರ್ ತಾನೇ ಆರಿಸಿಕೊಳ್ಳುತ್ತದೆ, ಆ ಪಟ್ಟಿಯಲ್ಲಿರುವ ಅತಿ ಚಿಕ್ಕ ಅಂತರವನ್ನು ನೋಡಿ. ಒಂದು ತಿಂಗಳು ಅತಿ ಚಿಕ್ಕ ನಿಲುಗಡೆ 45 ನಿಮಿಷವಿದ್ದರೆ ಇಡೀ ಪಟ್ಟಿ ನಿಮಿಷದಲ್ಲಿ, ಮುಂದಿನ ತಿಂಗಳು ಅದು ಎರಡು ಗಂಟೆಯಾಗಿದ್ದರೆ ಇಡೀ ಪಟ್ಟಿ ಗಂಟೆಯಲ್ಲಿ. ಮಾನದ ಹೆಸರನ್ನು ಕಿತ್ತುಹಾಕಿ ಅಂಕಿಯನ್ನಷ್ಟೇ ವರದಿಗೆ ಏರಿಸಿದರೆ ಹೋದ ತಿಂಗಳ 180, ಈ ತಿಂಗಳ 3 ಎಂದು ಕಾಣುತ್ತದೆ. ನಿರ್ವಹಣೆ ಅದ್ಭುತವಾಗಿ ಸುಧಾರಿಸಿತೆಂದು ಯಾರಾದರೂ ಬೆನ್ನು ತಟ್ಟಬಹುದು, ಎರಡೂ ಮೂರು ಗಂಟೆಯೇ.

ಈ ಎಲ್ಲಕ್ಕೆ ಎದುರಾಗುವ ಮೊದಲ ಆಕ್ಷೇಪ, ಎಕ್ಸೆಲ್ ಇರುವಾಗ ಇಷ್ಟೆಲ್ಲ ಗೋಜು ಏಕೆ ಎಂಬುದು. ಹತ್ತು ಜನರ ಘಟಕಕ್ಕೆ ಎಕ್ಸೆಲ್ ಸಾಕು, ವಹಿಯೂ ಸಾಕು. ನಿಯಮ ಗೊತ್ತಿರುವ ಗುಮಾಸ್ತ ಬೆರಳೆಣಿಸಿ ಹಾಕಿದ ಲೆಕ್ಕ, ನಿಯಮ ಗೊತ್ತಿಲ್ಲದ ಪ್ರೋಗ್ರಾಮಿಗಿಂತ ಮೇಲು. ಆದರೆ ಎಕ್ಸೆಲ್ ಕೂಡ ಮುಗ್ಧವಲ್ಲ. 1900ರಲ್ಲಿ ಇಲ್ಲದ ಫೆಬ್ರುವರಿ 29ನ್ನು ಅದು ಇವತ್ತಿಗೂ ಇತ್ತೆಂದೇ ಎಣಿಸುತ್ತದೆ. ಹಿಂದಿನ ಲೋಟಸ್ ತಂತ್ರಾಂಶದ ಜೊತೆ ಹೊಂದಿಕೊಳ್ಳಲು ಬಂದ ದೋಷವದು. ಎಕ್ಸೆಲ್‌ನ ಅಂಕಿಗಳನ್ನು ಆರ್‌ಗೆ ತರುವವರು 1899ರ ಡಿಸೆಂಬರ್ 30ನ್ನು ಸೊನ್ನೆಯ ದಿನವೆಂದು ಹೇಳಿಕೊಡಬೇಕಾಗುವುದು ಅದಕ್ಕೇ. ಇನ್ನೂ ಮುಖ್ಯವಾದ ಮಾತೆಂದರೆ ಎಕ್ಸೆಲ್‌ನಲ್ಲಿ ನಿಯಮ ಒಂದೊಂದು ಕೋಶದ ಹಿಂದೆ ಅಡಗಿರುತ್ತದೆ, ಆರ್‌ನಲ್ಲಿ ಅದು ಮೇಲಿಂದ ಕೆಳಗೆ ಓದಬಹುದಾದ ಸಾಲುಗಳಾಗಿರುತ್ತದೆ. ಕಾರ್ಮಿಕ ಮುಖಂಡ, ಲೆಕ್ಕ ಪರಿಶೋಧಕ, ಮಾಲೀಕ ಮೂವರೂ ಅದೇ ಸಾಲಿನ ಮೇಲೆ ಬೆರಳಿಟ್ಟು ವಾದ ಮಾಡಬಹುದು. ಕೊಂಡುತಂದ ಸಿದ್ಧ ತಂತ್ರಾಂಶಕ್ಕೂ ಇದೇ ಮಾತು. ಅದರೊಳಗೂ ಯಾರೋ ಒಬ್ಬರು ಮೊದಲ ದಿನವನ್ನು ಸೇರಿಸಿದ್ದಾರೆ ಅಥವಾ ಬಿಟ್ಟಿದ್ದಾರೆ. ಯಾರೆಂದು, ಯಾಕೆಂದು ಕೇಳುವ ಹಕ್ಕು ನಮಗಿದೆ.

ಎರಡನೆಯ ಆಕ್ಷೇಪಕ್ಕೆ ಸ್ವಲ್ಪ ಹೆಚ್ಚು ತೂಕವಿದೆ. ಸಾವಿರಾರು ದಾಖಲೆಗಳ ಸರಾಸರಿ ತೆಗೆಯುವಾಗ ಒಂದೆರಡು ದಿನದ ಏರುಪೇರು ಒಂದಕ್ಕೊಂದು ಹೊಡೆದುಹೋಗುತ್ತದಲ್ಲ ಎನ್ನುತ್ತಾರೆ ಸಂಖ್ಯಾಶಾಸ್ತ್ರ ಓದಿದವರು. ದಿಕ್ಕಿಲ್ಲದ ತಪ್ಪುಗಳು ಹೊಡೆದುಹೋಗುತ್ತವೆ, ನಿಜ. ಮೊದಲ ದಿನವನ್ನು ಬಿಡುವ ತಪ್ಪಿಗೆ ದಿಕ್ಕಿದೆ. ಅದು ಪ್ರತಿ ದಾಖಲೆಯಲ್ಲೂ ಒಂದು ದಿನವನ್ನು ಒಂದೇ ಕಡೆಗೆ ಎಳೆಯುತ್ತದೆ, ಸಾವಿರ ಸೇರಿಸಿದರೂ ಸರಾಸರಿಯಲ್ಲಿ ಆ ಒಂದು ದಿನ ಹಾಗೇ ಉಳಿಯುತ್ತದೆ. ಗಡುವು, ವಯಸ್ಸು, ಗ್ರಾಚ್ಯುಟಿಯಂಥ ಹೊಸ್ತಿಲಿನ ಲೆಕ್ಕಗಳಿಗಂತೂ ಸರಾಸರಿಯ ಸಮಾಧಾನ ಇಲ್ಲವೇ ಇಲ್ಲ, ಹೊಸ್ತಿಲಲ್ಲಿ ನಿಂತವನು ಒಬ್ಬನೇ.

ಸರಾಸರಿಯ ಮಾತು ಬಂದದ್ದರಿಂದ ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವ ಸಂಗತಿಯನ್ನು ಹೇಳಲೇಬೇಕು. ಎರಡನೆಯ ತಾರೀಖು ಇನ್ನೂ ಬಂದೇ ಇಲ್ಲದಿದ್ದರೆ? ಐದು ಬಿಲ್ಲುಗಳಲ್ಲಿ ಮೂರಕ್ಕೆ 20, 30, 40 ದಿನಗಳಲ್ಲಿ ಹಣ ಬಂತು, ಉಳಿದೆರಡು 90 ಮತ್ತು 120 ದಿನವಾದರೂ ಬಂದಿಲ್ಲ ಎಂದಿಟ್ಟುಕೊಳ್ಳಿ. ಖಾಲಿ ಇರುವುದನ್ನು ಬಿಟ್ಟು ಸರಾಸರಿ ತೆಗೆ ಎಂದರೆ ಆರ್ 30 ದಿನ ಎನ್ನುತ್ತದೆ. ಅತಿ ಕೆಟ್ಟ ಎರಡು ಬಿಲ್ಲುಗಳು ಕೆಟ್ಟದಾಗಿರುವ ಕಾರಣಕ್ಕೇ ಲೆಕ್ಕದಿಂದ ತಪ್ಪಿಸಿಕೊಂಡವು. ಎಡ್ವರ್ಡ್ ಕ್ಯಾಪ್ಲಾನ್ ಮತ್ತು ಪಾಲ್ ಮೈಯರ್ 1958ರಲ್ಲಿ ಪ್ರಕಟಿಸಿದ ವಿಧಾನ ಇಂಥ ಮುಗಿಯದ ಕಾಲವನ್ನೂ ಲೆಕ್ಕದೊಳಗೆ ಇಟ್ಟುಕೊಳ್ಳುತ್ತದೆ, 90 ದಿನವಾದರೂ ಬಂದಿಲ್ಲ ಎಂಬುದೂ ಒಂದು ಮಾಹಿತಿಯೇ ಎಂದು ಅದು ಒಪ್ಪುತ್ತದೆ. ವೈದ್ಯಕೀಯದಲ್ಲಿ ರೋಗಿಗಳು ಎಷ್ಟು ಕಾಲ ಬದುಕಿದರು ಎಂಬುದಕ್ಕೆ ಹೆಸರಾದ ಈ ವಿಧಾನ ಆರ್‌ನ ಜೊತೆಗೇ ಬರುವ ‘ಸರ್ವೈವಲ್’ ಪೊಟ್ಟಣದಲ್ಲಿ ಸಿದ್ಧವಾಗಿದೆ. ಅದರ ಪ್ರಕಾರ ಅರ್ಧಕ್ಕರ್ಧ ಬಿಲ್ಲುಗಳು ತೀರಲು ಹಿಡಿಯುವ ಕಾಲ 40 ದಿನ, ಐದರಲ್ಲಿ ಎರಡು ಪಾಲು 90 ದಿನ ದಾಟಿದರೂ ಬಾಕಿ. ಬ್ಯಾಂಕಿನಲ್ಲಿ ಸಾಲ ಎತ್ತಿ ಕಚ್ಚಾ ಮಾಲು ಕೊಂಡ ಸಣ್ಣ ಉದ್ಯಮಿಗೆ ತಿಳಿಯಬೇಕಾದದ್ದು ಈ ಚಿತ್ರ, 30 ಎಂಬ ಆ ನುಣುಪಾದ ಅಂಕಿಯಲ್ಲ.

ಇದನ್ನು ಓದುತ್ತಿರುವವರಲ್ಲಿ ಕಾರ್ಖಾನೆಯ ಟೈಂ ಆಫೀಸಿನವರು, ಲೆಕ್ಕ ವಿಭಾಗದವರು, ಅಂಥ ಕಡೆ ಆರ್ ಕಲಿತು ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಇದ್ದರೆ ಒಂದು ವಿನಂತಿ. ಕಳೆಯುವ ಸಾಲನ್ನು ಬರೆಯುವ ಮುಂಚೆ ಅದರ ಮೇಲಿನ ಸಾಲಿನಲ್ಲಿ ನಿಯಮವನ್ನು ಮಾತಿನಲ್ಲಿ ಬರೆಯಿರಿ. ಮೊದಲ ದಿನ ಸೇರಿದೆಯೇ, ಕೊನೆಯ ದಿನ ಸೇರಿದೆಯೇ, ಮಾನ ಯಾವುದು, ಯಾವ ಕಾಯ್ದೆಯ ಯಾವ ಕಲಂ ಎಂದು. ಆರ್ ಅಂಥ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆದರೂ ತಕರಾರಿಲ್ಲದೆ ಇಟ್ಟುಕೊಳ್ಳುತ್ತದೆ. ಬರೆದಾದ ಮೇಲೆ ನಿಜವಾದ ಕಡತಕ್ಕೆ ಕೈ ಹಾಕದೆ ಫೆಬ್ರುವರಿ 29, ಜನವರಿ 31, ಸೇರಿದ ದಿನವೇ ಬಿಟ್ಟವನ ತಾರೀಖು, ಖಾಲಿ ಬಿಟ್ಟ ಒಂದು ಕೋಶ ಇಷ್ಟನ್ನು ಕೊಟ್ಟು ಓಡಿಸಿ, ಬಂದ ಉತ್ತರವನ್ನು ಕಾಗದದ ಮೇಲೆ ಕೈಯಾರೆ ಎಣಿಸಿದ ಉತ್ತರದ ಪಕ್ಕದಲ್ಲಿಡಿ. ಎರಡೂ ಹೊಂದುವವರೆಗೆ ಯಾರ ಗ್ರಾಚ್ಯುಟಿಯ ಚೀಟಿಗೂ ಸಹಿ ಹಾಕಬೇಡಿ.